10 ಸೆಂಟಿಮೀಟರಿಗೆ ನಿಂತ ನಳಿಕೆ

ಯಾದಗಿರಿ ಜಿಲ್ಲೆಯ ಹಳ್ಳಿಯೊಂದರಿಂದ ನಸುಕಿನಲ್ಲಿ ಕಲಬುರಗಿಯ ಶಿಶು ಘಟಕಕ್ಕೆ ಬಂದದ್ದು 2.3 ಕಿಲೋ ತೂಕದ ಗಂಡು ಕೂಸು. ಹುಟ್ಟಿ ಇನ್ನೂ 11 ತಾಸು. ‘ಎಷ್ಟು ಒರೆಸಿದ್ರೂ ಬಾಯಾಗಿನ ನೊರಿ ನಿಲ್ಲವಲ್ದ್ರಿ ಸಿಸ್ಟರ್. ಎರಡು ಹನಿ ಔಡಲೆಣ್ಣಿ ನೆಕ್ಕಿಸಿದ್ವಿ, ಕೆಮ್ಮಿ ಕೆಮ್ಮಿ ನೀಲಿಗಟ್ಟಿತು’ ಅಂದರು ಕೂಸಿನ ಆಯಿ, ತಾಯಿಯ ಅವ್ವ. ತಾಯಿಯ ಸ್ಕ್ಯಾನ್ ಚೀಟಿಯಲ್ಲಿ ಗರ್ಭದ ನೀರು ಹೆಚ್ಚೆಂದು ಬರೆದಿತ್ತು. ಹೊಟ್ಟೆಯೊಳಗಿನ ಕೂಸು ಆ ನೀರನ್ನು ನುಂಗುತ್ತಿರಬೇಕು; ನುಂಗಲು ದಾರಿಯಿಲ್ಲದಿದ್ದರೆ ನೀರು ಏರುತ್ತದೆ.

10 ನಂಬರಿನ ನಳಿಕೆಯನ್ನು ಬಾಯಿಂದ ಇಳಿಸಿದರು. ತುಟಿಯಿಂದ 10 ಸೆಂಟಿಮೀಟರಿಗೆ ಗೋಡೆಗೆ ತಾಗಿದಂತೆ ನಿಂತಿತು. ತೆಗೆದು ಮತ್ತೆ ಹಾಕಿದರೂ ಅಲ್ಲಿಗೇ. 5–6 ನಂಬರಿನ ಸಣ್ಣ ನಳಿಕೆ ಇಲ್ಲಿ ಮೋಸ ಮಾಡುತ್ತದೆ: ಒಳಗೇ ಸುರುಳಿ ಸುತ್ತಿಕೊಂಡು ಹೊಟ್ಟೆಗೆ ಇಳಿದಂತೆ ತೋರುತ್ತದೆ. ಎಕ್ಸ್‌ರೇಯಲ್ಲಿ ನಳಿಕೆಯ ತುದಿ ಎದೆಯ ಮೇಲ್ಭಾಗದಲ್ಲೇ ಇತ್ತು, ಆದರೂ ಹೊಟ್ಟೆಯಲ್ಲಿ ಗಾಳಿ ತುಂಬಿತ್ತು. ಅಂದರೆ ಅನ್ನನಾಳ ನಡುವೆ ತುಂಡಾಗಿದೆ, ಅದರ ಕೆಳತುಂಡು ಶ್ವಾಸನಾಳಕ್ಕೆ ಕೂಡಿದೆ. ಹೊಟ್ಟೆಯ ಹುಳಿರಸ ಅದೇ ದಾರಿಯಿಂದ ಮೇಲೇರಿ ಪುಪ್ಪುಸ ಸುಡುತ್ತದೆ, ಆದ್ದರಿಂದ ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರಿಸಿ ಮಲಗಿಸಬೇಕು. ಅನ್ನನಾಳದ ಮೇಲ್ತುಂಡು ತುದಿ ಮುಚ್ಚಿದ ಚೀಲದಂತಿರುತ್ತದೆ, ಅದರಲ್ಲಿ ನಿಂತ ಜೊಲ್ಲನ್ನು ಎಡೆಬಿಡದೆ ಹೀರಿ ತೆಗೆಯಬೇಕು. ಬಾಯಿಗೆ ತೊಟ್ಟು ಹಾಲೂ ಬೇಡ. ರಕ್ತನಾಳದಿಂದ ಗ್ಲೂಕೋಸ್ ಸಾಕು. ಅತ್ಯಗತ್ಯವಿಲ್ಲದೆ ಮಾಸ್ಕ್ ಇಟ್ಟು ಗಾಳಿ ಒತ್ತಬಾರದು, ಹೊಟ್ಟೆ ಉಬ್ಬಿ ಉಸಿರಾಟವೇ ಕಟ್ಟುತ್ತದೆ.

ಇಷ್ಟಕ್ಕೇ ಕೈಬಿಟ್ಟರೆ ಅರ್ಧ ಕಂಡಂತೆ. ಬಟ್ಟೆ ಬಿಚ್ಚಿ ನೋಡಿದರೆ ಗುದದ ಜಾಗದಲ್ಲಿ ಸಣ್ಣ ಗುಳಿ ಮಾತ್ರ, ದ್ವಾರವಿಲ್ಲ. ಬಲಗೈ ಹೆಬ್ಬೆರಳು ಎಳೆಯ ಹುಣಸೆಕಾಯಿಯಂತೆ ಸಣ್ಣಗೆ ಜೋತುಬಿದ್ದಿತ್ತು. ಸ್ಕ್ಯಾನಿನಲ್ಲಿ ಒಂದೇ ಮೂತ್ರಪಿಂಡ. ಬೆನ್ನುಮೂಳೆ, ಗುದದ್ವಾರ, ಹೃದಯ, ಅನ್ನನಾಳ-ಶ್ವಾಸನಾಳ, ಮೂತ್ರಪಿಂಡ, ಕೈಕಾಲು, ಈ ಆರರಲ್ಲಿ ಕನಿಷ್ಠ ಮೂರು ಕಡೆ ದೋಷವಿದ್ದರೆ ವ್ಯಾಕ್ಟರ್ಲ್ ಎನ್ನುತ್ತಾರೆ. ಶಸ್ತ್ರಚಿಕಿತ್ಸೆಗೆ ಮುಂಚೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಆಗಲೇಬೇಕು. ಹೃದಯದ ರಂಧ್ರವಷ್ಟೇ ಅಲ್ಲ, ಮಹಾಧಮನಿ ಯಾವ ಕಡೆ ಬಾಗಿದೆ ಎಂಬುದೂ ತಿಳಿಯಬೇಕು, ಎದೆಯನ್ನು ಯಾವ ಬದಿಯಿಂದ ತೆರೆಯುವುದು ಅದರ ಮೇಲಿದೆ.

‘ನನ್ನ ತಮ್ಮಗೇ ಮಗಳನ್ನ ಕೊಟ್ಟೀನ್ರಿ. ಅದಕ್ಕ ಹಿಂಗಾತೇನ್ರಿ? ಮುಂದ ಬುದ್ಧಿ ಮಂದ ಆಗ್ತದೇನ್ರಿ?’ ಅಂತ ಆಯಿ ಕೇಳಿದರು.

ವ್ಯಾಕ್ಟರ್ಲ್ ಮಕ್ಕಳ ಬುದ್ಧಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಅದನ್ನು ವೈದ್ಯರು ಕೂಡಲೇ ಹೇಳಿದರು. ಬಹುಪಾಲು ಮನೆಗಳಲ್ಲಿ ಇದು ಮತ್ತೊಂದು ಮಗುವಿಗೆ ಬರುವುದೂ ಇಲ್ಲ. ಆದರೆ ಹೆಬ್ಬೆರಳು ಹೀಗಿದ್ದು, ತಂದೆ-ತಾಯಿ ರಕ್ತಸಂಬಂಧಿಗಳಾಗಿದ್ದರೆ ಫ್ಯಾಂಕೋನಿ ರಕ್ತಹೀನತೆ ಎಂಬ ಆನುವಂಶಿಕ ಕಾಯಿಲೆ ಇಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಅದೂ ಇದೇ ರೂಪದಲ್ಲಿ ಬರುತ್ತದೆ, ವರ್ಷಗಳ ಮೇಲೆ ಮೂಳೆಮಜ್ಜೆ ಬತ್ತಿಸುತ್ತದೆ, ಮುಂದಿನ ಪ್ರತಿ ಬಸಿರಿಗೂ ನಾಲ್ಕರಲ್ಲೊಂದು ಪಾಲು ಅಪಾಯವಿರುತ್ತದೆ. ಅದಕ್ಕೆ ವರ್ಣತಂತುಗಳು ಎಷ್ಟು ಒಡೆಯುತ್ತವೆ ಎಂದು ನೋಡುವ ರಕ್ತಪರೀಕ್ಷೆ ಬೇಕು. ‘ಆಯಿ, ನಿಮ್ಮ ಮೊದಲ ಮಾತಿಗೆ ರಕ್ತದ ರಿಪೋರ್ಟ್ ಬಂದ ಮ್ಯಾಲೇ ಹೇಳ್ತೀವಿ’ ಎಂದು, ಕೂಸಿನ ಎಡಗೈಯಿಂದ 2 ಮಿಲಿ ರಕ್ತ ತೆಗೆದರು.