ಹಡಗು ನಡೆಯಿತು, ಅತ್ತೆ ಕೂತಿದ್ದರು

ಅಲಾಸ್ಕದ ಹಡಗು ಪ್ರವಾಸದ ಮಾತೆತ್ತಿದಾಗ ನನ್ನ ಸೋದರತ್ತೆ ಹಿಮನದಿಯ ಬಗ್ಗೆ ಕೇಳಲಿಲ್ಲ, ತಿಮಿಂಗಿಲದ ಬಗ್ಗೆಯೂ ಕೇಳಲಿಲ್ಲ. “ಮಂಚದಿಂದ ಬಚ್ಚಲಿಗೆ ಎಷ್ಟು ಹೆಜ್ಜೆ?” ಅಂದರು.

ನಗು ಬಂತು. ಆದರೆ ಮುಂದಿನ ಮೂರು ವಾರ ನಾನು ಹುಡುಕಿದ್ದು ಆ ಪ್ರಶ್ನೆಗೆ ಉತ್ತರವನ್ನೇ. ಅತ್ತೆಗೆ ಎಂಬತ್ತೊಂದು. ಮಂಡಿ ಎರಡೂ ಸವೆದಿವೆ. ಕೋಲು ಹಿಡಿದು ನಿಧಾನಕ್ಕೆ ನಡೆಯುತ್ತಾರೆ, ನೂರು ಹೆಜ್ಜೆ ಆಗುವಷ್ಟರಲ್ಲಿ ಎಲ್ಲಿ ಕೂರಲಿ ಅಂತ ಕಣ್ಣು ಹುಡುಕತೊಡಗುತ್ತದೆ. ಹಡಗಿನ ಮಾಮೂಲಿ ಕ್ಯಾಬಿನ್‌ಗಳಲ್ಲಿ ಬಚ್ಚಲಿಗೆ ಎತ್ತರದ ಹೊಸ್ತಿಲು ಇರುತ್ತದೆ, ನೀರು ಆಚೆ ಹರಿಯದಿರಲಿ ಅಂತ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ, ಓಲಾಡುವ ನೆಲದ ಮೇಲೆ ಅದನ್ನು ದಾಟುವುದನ್ನು ನೆನೆಸಿಕೊಂಡೇ ನನಗೆ ಬೆವರು ಬಂತು. ಗಾಲಿಕುರ್ಚಿಯವರಿಗೆಂದೇ ಮಾಡಿದ ಕ್ಯಾಬಿನ್‌ಗಳು ಬೇರೆ ಇವೆ. ಅಲ್ಲಿ ಹೊಸ್ತಿಲಿಲ್ಲ, ಗೋಡೆಗೆ ಹಿಡಿಕೆಗಳಿವೆ, ಶವರ್ ಕೆಳಗೆ ಮಡಚಿಡುವ ಪೀಠವಿದೆ. ಒಂದು ಹಡಗಿನಲ್ಲಿ ಅಂಥವು ಕೆಲವೇ ಇರುವುದರಿಂದ ಬೇಗ ಮುಗಿದುಹೋಗುತ್ತವೆ. ಹತ್ತು ತಿಂಗಳು ಮೊದಲೇ ಕೇಳಿದ್ದಕ್ಕೆ ನಮಗೊಂದು ಸಿಕ್ಕಿತು.

“ಆರು ಹೆಜ್ಜೆ. ಹೊಸ್ತಿಲಿಲ್ಲ” ಅಂದೆ.

“ಹಾಗಾದ್ರೆ ಬರ್ತೀನಿ.”

ಕ್ಯಾಬಿನ್ ಎಲ್ಲಿದೆ ಅನ್ನುವುದೂ ಅಷ್ಟೇ ಮುಖ್ಯ. ಹಡಗನ್ನು ಏತದ ಮರ ಅಂದುಕೊಳ್ಳಿ. ಅಲೆ ಬಂದಾಗ ಏಳುವುದು ಬೀಳುವುದೆಲ್ಲ ಎರಡು ತುದಿಗಳು, ನಡುಭಾಗ ಅಲುಗುವುದು ಕಡಿಮೆ. ಕೆಳಗಿನ ಅಂತಸ್ತಿನಲ್ಲಿ ಇನ್ನೂ ಕಡಿಮೆ. ನಮ್ಮ ಕ್ಯಾಬಿನ್ ನಟ್ಟನಡುವೆ ಇತ್ತು, ಲಿಫ್ಟ್ ಹತ್ತಿರವೇ ಇತ್ತು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇಂಥ ಹಡಗುಗಳ ಉದ್ದ ಮುನ್ನೂರು ಮೀಟರ್‌ನ ಆಸುಪಾಸು. ತುದಿಯ ಕ್ಯಾಬಿನ್ ಹಿಡಿದವರು ಊಟಕ್ಕೆ ಹೋಗಿ ಬರುವುದೇ ಒಂದು ಪಾದಯಾತ್ರೆ.

ಜಗಳ ಆದದ್ದು ಗಾಲಿಕುರ್ಚಿಯ ವಿಷಯಕ್ಕೆ. “ನಾನೇನು ರೋಗಿಯಾ?” ಅಂತ ಹೊರಡುವ ಹಿಂದಿನ ರಾತ್ರಿಯವರೆಗೂ ಹಟ. ಹಡಗಿನಲ್ಲಿರುವ ಗಾಲಿಕುರ್ಚಿಗಳು ಹತ್ತಿಸುವುದಕ್ಕೆ, ಇಳಿಸುವುದಕ್ಕೆ, ತುರ್ತಿಗೆ ಮಾತ್ರ. ವಾರವಿಡೀ ಇಟ್ಟುಕೊಳ್ಳಲು ಕೊಡುವುದಿಲ್ಲ. ಹಾಗಾಗಿ ಮಡಚುವಂಥದ್ದೊಂದನ್ನು ಬಾಡಿಗೆಗೆ ತಂದು, ಅವರಿಗೆ ಹೇಳದೆ ಲಗೇಜಿನ ಜೊತೆ ಸೇರಿಸಿದೆ.

ಹಡಗು ಹತ್ತುವುದು ಕೆನಡಾದ ವ್ಯಾಂಕೂವರ್‌ನಲ್ಲಿ. ಅಲ್ಲಿನ ಕೆನಡಾ ಪ್ಲೇಸ್ ಅನ್ನುವ ನಿಲ್ದಾಣದ ಮಾಡಿನ ಮೇಲೆ ಐದು ಬಿಳಿ ಹಾಯಿಗಳಿವೆ. 1986ರ ವಿಶ್ವ ಮೇಳಕ್ಕೆಂದು ಕಟ್ಟಿದ್ದು. ಹೊರಗಿನಿಂದ ನೋಡಲು ಚೆಂದ, ಒಳಗೆ ಸಾಲೋ ಸಾಲು. ತಪಾಸಣೆಗೊಂದು ಸಾಲು, ಅಲಾಸ್ಕ ಅಮೆರಿಕದ್ದಾದ್ದರಿಂದ ಆ ದೇಶದ ವಲಸೆ ಅಧಿಕಾರಿಗಳ ಮುಂದೆ ಇನ್ನೊಂದು, ಹಡಗಿನವರ ಮುಂದೆ ಮತ್ತೊಂದು. ಮೊದಲ ಸಾಲಿನಲ್ಲೇ ಅತ್ತೆಯ ಕೋಲು ನಡುಗತೊಡಗಿತು. ನಾನು ಮಾತಾಡದೆ ಕುರ್ಚಿ ಬಿಡಿಸಿದೆ. ಅವರು ಮಾತಾಡದೆ ಕೂತರು. ಒಬ್ಬ ಸಿಬ್ಬಂದಿ ಬಂದು ನಮ್ಮನ್ನು ಬೇರೆ ದಾರಿಯಲ್ಲಿ, ಲಿಫ್ಟಿನಲ್ಲಿ ಕರೆದೊಯ್ದ. ಮೂರೂ ಸಾಲುಗಳನ್ನು ಪಕ್ಕಕ್ಕೆ ಬಿಟ್ಟು ಮುಂದೆ ಹೋದಾಗ ಅತ್ತೆ ತಲೆ ತಿರುಗಿಸಿ, “ಇದು ಗಾಲಿಕುರ್ಚಿ ಅಂತ ಯಾರು ಹೇಳಿದ್ದು? ಪಲ್ಲಕ್ಕಿ” ಅಂದರು.

ಹತ್ತಿದ ಮೇಲೆ ಸುರಕ್ಷತಾ ಕವಾಯತು. ಅಪಾಯದ ಹೊತ್ತಿನಲ್ಲಿ ಲಿಫ್ಟ್ ಬಳಸುವಂತಿಲ್ಲ. ಮೆಟ್ಟಿಲಿಳಿಯಲು ಆಗದವರ ಹೆಸರನ್ನು ಮೊದಲೇ ಬರೆಸಿದರೆ ಅವರನ್ನು ಕರೆದೊಯ್ಯಲು ಜನರನ್ನು ಗೊತ್ತುಮಾಡಿರುತ್ತಾರೆ. ಬರೆಸಿದೆ. ಔಷಧಿಗಳೆಲ್ಲ ಕೈಚೀಲದಲ್ಲೇ ಇದ್ದದ್ದು ಒಳ್ಳೆಯದಾಯಿತು, ಏಕೆಂದರೆ ದೊಡ್ಡ ಪೆಟ್ಟಿಗೆಗಳು ಕ್ಯಾಬಿನ್ ಬಾಗಿಲಿಗೆ ಬಂದಾಗ ಸಂಜೆ ಏಳು ದಾಟಿತ್ತು.

ಇಷ್ಟೆಲ್ಲ ಜಾಣತನ ತೋರಿಸಿದವನು ಮರುದಿನವೇ ಎಡವಿದೆ. ವ್ಯಾಂಕೂವರ್ ದ್ವೀಪದ ಮರೆ ದಾಟಿದ ಮೇಲೆ ಕ್ವೀನ್ ಶಾರ್ಲಟ್ ಸೌಂಡ್ ಅನ್ನುವ ಕಡೆ ಸ್ವಲ್ಪ ಹೊತ್ತು ತೆರೆದ ಕಡಲು ಸಿಗುತ್ತದೆ. ಅಲ್ಲಿ ಹಡಗು ಓಲಾಡುತ್ತದೆ ಅಂತ ಓದಿದ್ದೆ. ಅತ್ತೆ ಬೇಡ ಬೇಡ ಅಂದರೂ ಬೆಳಗ್ಗೆಯೇ ವಾಂತಿ ತಡೆಯುವ ಮಾತ್ರೆ ನುಂಗಿಸಿದೆ. ಕಡಲು ಮಗುವಿನ ತೊಟ್ಟಿಲಿನಷ್ಟೇ ತೂಗಿತು. ಮಾತ್ರೆ ಮಾತ್ರ ತನ್ನ ಕೆಲಸ ಮಾಡಿತು: ಅತ್ತೆ ಮಧ್ಯಾಹ್ನದವರೆಗೂ ನಿದ್ದೆ. ಎದ್ದವರು ಬಾಲ್ಕನಿಯ ಬಾಗಿಲು ಎಳೆಯಲು ಹೋಗಿ ಜೋಲಿ ತಪ್ಪಿದರು. ಆ ಬಾಗಿಲುಗಳು ಗಾಳಿಯ ಒತ್ತಡಕ್ಕೆ ಕಲ್ಲಿನ ಹಾಗೆ ಭಾರ. ಮಂಚದ ಅಂಚು ಸಿಕ್ಕಿದ್ದರಿಂದ ಬೀಳಲಿಲ್ಲ. ಹಡಗಿನ ವೈದ್ಯೆ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ವಯಸ್ಸಾದವರಿಗೆ ಈ ಮಾತ್ರೆಗಳಿಂದ ಮಂಪರು ಜಾಸ್ತಿ, ಮಂಪರಿನಲ್ಲಿ ಬೀಳುವುದು ಕಡಲಬೇನೆಗಿಂತ ಅಪಾಯ, ತೊಂದರೆ ಶುರುವಾದರೆ ದಿಗಂತ ನೋಡುತ್ತಾ ಕೂರಿಸಿ ಸಾಕು ಅಂದರು. ಮಾತ್ರೆ ಕೊಡುವ ಮೊದಲು ಅತ್ತೆಯ ವೈದ್ಯರನ್ನೊಮ್ಮೆ ಕೇಳಬೇಕಿತ್ತು, ಬೇರೆ ಔಷಧಿಗಳೂ ಇವೆಯಲ್ಲ.

ಅಂದು ಸಂಜೆ ಅತ್ತೆ ನನ್ನ ಪುಸ್ತಕ ಕೇಳಿ ತೆಗೆದುಕೊಂಡರು. ಅದರಲ್ಲಿ ವಾರದ ಕಾರ್ಯಕ್ರಮವಿತ್ತು. ಹತ್ತಕ್ಕೆ ಉಪನ್ಯಾಸ, ಹನ್ನೊಂದೂವರೆಗೆ ಸಂಗೀತ, ಮೂರಕ್ಕೆ ಇನ್ನೇನೋ. ಹಾಳೆ ತಿರುವಿ, “ಇದು ಪರೀಕ್ಷೆ ವೇಳಾಪಟ್ಟಿಯಾ?” ಅಂದರು. “ಫೇಲಾದ್ರೆ ವಾಪಸ್ ಕಳಿಸ್ತಾರಾ?”

ಜುನೋ ಬಂದಾಗ ಅವರು ಇಳಿಯಲಿಲ್ಲ. ಆ ಬಂದರಿನಲ್ಲಿ ಉಬ್ಬರ ಇಳಿತಗಳ ನಡುವೆ ನೀರಿನ ಮಟ್ಟ ಹದಿನೈದು ಅಡಿಗೂ ಹೆಚ್ಚು ಏರಿಳಿಯುತ್ತದೆ. ಬೆಳಗ್ಗೆ ಮಟ್ಟಸವಾಗಿದ್ದ ಇಳಿಹಲಗೆ ಮಧ್ಯಾಹ್ನಕ್ಕೆ ಮನೆಯ ಮಾಡಿನಷ್ಟು ಕಡಿದಾಗಿರಬಹುದು. ನಾವು ಹೊರಟ ಹೊತ್ತಿಗೆ ಅದು ಕಡಿದಾಗಿತ್ತು. ಅತ್ತೆ ನೋಡಿದರು, “ನೀನು ಹೋಗಿ ಬಾ” ಅಂದರು. ಇಬ್ಬರು ಸಿಬ್ಬಂದಿ ಹಿಡಿದು ಇಳಿಸುತ್ತೇವೆ ಅಂದರೂ ಒಪ್ಪಲಿಲ್ಲ.

ಬಸ್ಸಿನಲ್ಲಿ ಮೆಂಡನ್‌ಹಾಲ್ ಹಿಮನದಿಗೆ ಹೋದೆ. ಹದಿಮೂರು ಮೈಲಿ ಉದ್ದದ ಮಂಜು, ಮುಂದೆ ಬೂದು ನೀರಿನ ಸರೋವರ. ವೀಕ್ಷಕರ ಕಟ್ಟಡ 1962ರದ್ದು. ಆಗ ಹತ್ತಿರವಿದ್ದ ಮಂಜಿನ ಮೂತಿ ಈಗ ಒಂದು ಮೈಲಿಗೂ ಆಚೆ ಸರಿದಿದೆ. ನೋಟದ ಕಟ್ಟೆಯವರೆಗೂ ಗಾಲಿಕುರ್ಚಿ ಉರುಳುವಂಥ ನುಣುಪು ದಾರಿ ಮಾಡಿದ್ದಾರೆ. ಅದನ್ನು ನೋಡಿ ಹೊಟ್ಟೆಯಲ್ಲಿ ಸಂಕಟ. ಇಳಿಹಲಗೆ ಒಂದನ್ನು ದಾಟಿಸಿದ್ದರೆ ಇಲ್ಲಿಯವರೆಗೂ ಬಂದುಬಿಡುತ್ತಿದ್ದರಲ್ಲ! ಹಿಮನದಿಯನ್ನು ನೋಡಿದ್ದಕ್ಕಿಂತ ಗಡಿಯಾರ ನೋಡಿದ್ದೇ ಹೆಚ್ಚು.

ಓಡಿ ಬಂದೆ. ಬಾಲ್ಕನಿಯಲ್ಲಿ ಕಂಬಳಿ ಹೊದ್ದು ಕೂತಿದ್ದ ಅತ್ತೆ ನಾನು ಬಾಯಿ ತೆರೆಯುವ ಮುಂಚೆಯೇ ಬೆರಳೆತ್ತಿ ಸುಮ್ಮನಿರಿಸಿದರು. ಕೆಳಗೆ ನೀರಿನ ಮೇಲೆ ಒಂದು ಪುಟ್ಟ ವಿಮಾನ ನೊರೆಯೆಬ್ಬಿಸಿಕೊಂಡು ಓಡಿ ಗಾಳಿಗೇರಿತು. “ಹದಿನೇಳು” ಅಂದರು. ಜುನೋ ಅಲಾಸ್ಕ ರಾಜ್ಯದ ರಾಜಧಾನಿ, ಆದರೆ ಹೊರಗಿನಿಂದ ಅಲ್ಲಿಗೆ ಒಂದೂ ರಸ್ತೆಯಿಲ್ಲ. ಬರಬೇಕಾದವರು ನೀರಿನಲ್ಲಿ ಬರಬೇಕು ಇಲ್ಲವೇ ಗಾಳಿಯಲ್ಲಿ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಅತ್ತೆ ಕೂತಲ್ಲೇ ಕಂಡುಹಿಡಿದಿದ್ದರು: “ಈ ಊರಿಗೆ ದಾರಿ ಇಲ್ಲ ಕಣೋ. ಎಲ್ಲ ವಿಮಾನದಲ್ಲೇ ಓಡಾಡ್ತಾರೆ.” ಎದುರಿನ ಮರದ ತುದಿಯಲ್ಲಿ ಬಿಳಿ ತಲೆಯ ಹದ್ದೊಂದು ಎರಡು ಗಂಟೆಯಿಂದ ಅಲುಗದೆ ಕೂತಿದೆಯಂತೆ. ಅದನ್ನೂ ತೋರಿಸಿದರು. ಜನರೆಲ್ಲ ದಡಕ್ಕೆ ಹೋಗಿದ್ದರಿಂದ ಹಡಗು ಖಾಲಿಯಿತ್ತು. ಲಿಫ್ಟಿಗೆ ಕಾಯದೆ ಒಬ್ಬರೇ ಮೇಲೆ ಹೋಗಿ ಬೆಚ್ಚಗಿನ ನೀರಿನ ಕೊಳದಲ್ಲಿ ಕಾಲಿಳಿಬಿಟ್ಟು ಬಂದಿದ್ದರಂತೆ.

ಆ ರಾತ್ರಿ ನನ್ನ ಪುಸ್ತಕ ಪೆಟ್ಟಿಗೆಯ ತಳ ಸೇರಿತು. ಅದರಲ್ಲಿದ್ದ ಕಾರ್ಯಕ್ರಮಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡೆ.

ಸ್ಕ್ಯಾಗ್ವೇಯ ರೈಲು. ಕೆನಡಾದ ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕಿದ ಸುದ್ದಿಗೆ 1897, 98ರಲ್ಲಿ ಸಾವಿರಗಟ್ಟಲೆ ಜನ ಬಂದಿಳಿದದ್ದು ಇಲ್ಲಿ. ಅವರು ಬೆಟ್ಟ ಹತ್ತಿದ ದಾರಿಯಲ್ಲೇ 1898ರಿಂದ 1900ರೊಳಗೆ ಹಳಿ ಹಾಕಿದರು. ವೈಟ್ ಪಾಸ್ ರೈಲಿನ ಹಳಿಗಳ ನಡುವೆ ಮೂರೇ ಅಡಿ ಅಂತರ. ಇಪ್ಪತ್ತು ಮೈಲಿಯಲ್ಲಿ 2,865 ಅಡಿ ಏರುತ್ತದೆ. ಮೊದಲೇ ತಿಳಿಸಿದ್ದರಿಂದ ಲಿಫ್ಟ್ ಇರುವ ಬೋಗಿ ಕೊಟ್ಟರು. ಕುರ್ಚಿ ಸಮೇತ ಅತ್ತೆಯನ್ನು ಏರಿಸಿದರು. ನೆತ್ತಿಯವರೆಗೆ ಹೋಗಿ ಬರಲು ಹತ್ತಿರ ಮೂರು ಗಂಟೆ, ಎಲ್ಲೂ ಇಳಿಯಬೇಕಾಗಿಲ್ಲ. ಅತ್ತೆಗೆ ಹೇಳಿ ಮಾಡಿಸಿದ ಪ್ರವಾಸ. ಏರುವಾಗ ಎಡಗಡೆ ಕೂರುವುದು ಒಳ್ಳೆಯದು, ಕಣಿವೆ ಆ ಕಡೆಗಿದೆ.

ಸೇತುವೆ, ಸುರಂಗ, ಜಲಪಾತ ಎಲ್ಲ ಆದವು. ಅತ್ತೆಯ ಮುಖ ಬದಲಾಗಿದ್ದು ಕಮರಿಯೊಂದರ ಹೆಸರು ಕೇಳಿದಾಗ. ಸತ್ತ ಕುದುರೆಗಳ ಕಮರಿ. ಚಿನ್ನದ ಆಸೆಗೆ ಮಿತಿಮೀರಿ ಹೊರೆ ಹೊರಿಸಿದ್ದರಿಂದ ಸುಮಾರು ಮೂರು ಸಾವಿರ ಪ್ರಾಣಿಗಳು ಈ ಹಾದಿಯಲ್ಲಿ ಸತ್ತವಂತೆ. ಅತ್ತೆ ಬಹಳ ಹೊತ್ತು ಕೆಳಗೆ ನೋಡಿದರು. “ಅವುಕ್ಕೆ ಚಿನ್ನ ಏನು ಗೊತ್ತಿತ್ತು” ಅಂದರು. ಇಳಿಯುವ ದಾರಿಯುದ್ದಕ್ಕೂ ಮಾತಿಲ್ಲ.

ಮರುದಿನ ಗ್ಲೇಸಿಯರ್ ಬೇ, ಅಂದರೆ ಹಿಮನದಿಗಳ ಕೊಲ್ಲಿ. ಈಗ ಅದು ರಾಷ್ಟ್ರೀಯ ಉದ್ಯಾನ. ಇಲ್ಲಿ ದಿನಕ್ಕೆ ಎರಡೇ ದೊಡ್ಡ ಪ್ರವಾಸಿ ಹಡಗುಗಳಿಗೆ ಅವಕಾಶ. ಯಾರೂ ಇಳಿಯುವಂತಿಲ್ಲ, ಎಲ್ಲರೂ ಹಡಗಿನಿಂದಲೇ ನೋಡಬೇಕು. ಅಂದರೆ ಆ ಒಂದು ದಿನ ಹಡಗಿನಲ್ಲಿರುವ ಎರಡು ಸಾವಿರ ಜನರೂ ಅತ್ತೆಯ ಹಾಗೆಯೇ! ಬೆಳಗ್ಗೆ ಉದ್ಯಾನದ ರೇಂಜರ್‌ಗಳು ಸಣ್ಣ ದೋಣಿಯಲ್ಲಿ ಬಂದು ಹತ್ತಿಕೊಂಡು ಧ್ವನಿವರ್ಧಕದಲ್ಲಿ ವಿವರಿಸತೊಡಗಿದರು. 1794ರಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ವ್ಯಾಂಕೂವರ್‌ನ ಜನ ಬಂದಾಗ ಇಲ್ಲಿ ಕೊಲ್ಲಿ ಅನ್ನುವಂಥದ್ದು ಹೆಚ್ಚುಕಡಿಮೆ ಇರಲೇ ಇಲ್ಲ, ಬಹುಪಾಲು ಮಂಜು ತುಂಬಿತ್ತು. 1879ರಲ್ಲಿ ಪ್ರಕೃತಿಯ ಬಗ್ಗೆ ಬರೆಯುತ್ತಿದ್ದ ಜಾನ್ ಮ್ಯೂರ್ ಬರುವಷ್ಟರಲ್ಲಿ ಆ ಮಂಜು ಮೂವತ್ತು ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. “ನನ್ನ ಮಂಡಿಗಿಂತ ಬೇಗ ಸವೆದಿದೆ” ಅಂದರು ಅತ್ತೆ.

ಜನ ಮುಂಭಾಗದ ಡೆಕ್ಕಿನಲ್ಲಿ ಭುಜಕ್ಕೆ ಭುಜ ತಾಗಿಸಿ ಚಳಿಯಲ್ಲಿ ನಡುಗುತ್ತಿದ್ದರು. ಅಲ್ಲಿಗೆ ಹೋಗಬೇಕಾದ ಅಗತ್ಯವೇ ಇಲ್ಲ ಅಂತ ನಮಗೆ ಕ್ಯಾಬಿನ್ ನೋಡಿಕೊಳ್ಳುವ ಹುಡುಗ ಹೇಳಿದ್ದ. ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಂತಲ್ಲೇ ನಿಧಾನವಾಗಿ ಸುತ್ತು ತಿರುಗುತ್ತದೆ, ಎರಡೂ ಬದಿಯವರಿಗೆ ಸರದಿ ಸಿಗಲಿ ಅಂತ. ಅತ್ತೆ ಬಾಲ್ಕನಿಯಲ್ಲಿ ಎರಡು ಕಂಬಳಿ, ಟೋಪಿ, ಕೈಗವಸುಗಳೊಳಗೆ ಹುದುಗಿ ಕಾದರು. ಹಡಗು ತಿರುಗಿತು. ಒಂದು ಮೈಲಿ ಅಗಲದ, ಇಪ್ಪತ್ತೈದು ಮಹಡಿ ಎತ್ತರದ ನೀಲಿ ಗೋಡೆ ತಾನಾಗಿಯೇ ಬಂದು ಅವರ ಮುಂದೆ ನಿಂತಿತು.

ಅದರಿಂದ ಒಂದು ಚಕ್ಕೆ ಕಳಚಿತು. ನೀರು ಮೇಲೆ ಚಿಮ್ಮಿತು. ಸದ್ದಿಲ್ಲ. ಆಮೇಲೆ ಎದೆಯೊಳಗೇ ಯಾರೋ ಗುದ್ದಿದಂಥ ಗುಡುಗು. ಬೆಳಕಿಗಿಂತ ಸದ್ದು ನಿಧಾನ ಅನ್ನುವುದನ್ನು ಶಾಲೆಯಲ್ಲಿ ಓದಿದ್ದೆ, ಕಂಡದ್ದು ಅವತ್ತು. ಈ ನೆಲದ ಮೂಲದವರಾದ ಟ್ಲಿಂಗಿಟ್ ಜನ ಅದನ್ನು ಬಿಳಿ ಗುಡುಗು ಅನ್ನುತ್ತಾರಂತೆ. ಅತ್ತೆ ಶ್ರವಣಯಂತ್ರ ಹಾಕಿರಲಿಲ್ಲ, ಗಾಳಿಗೆ ಅದು ಕಿರುಗುಡುತ್ತದೆ ಅಂತ ತೆಗೆದಿಟ್ಟಿದ್ದರು. ನಾನು ಗಾಬರಿಯಿಂದ, “ಕೇಳಿಸ್ತಾ?” ಅಂದೆ. ಅಂಗೈಯನ್ನು ಬಾಲ್ಕನಿಯ ಕಂಬಿಯ ಮೇಲೆ ಇಟ್ಟಿದ್ದರು. “ಇಲ್ಲಿ ಬಂತು” ಅಂದರು.

ಮುಕ್ಕಾಲು ಗಂಟೆಯಲ್ಲಿ ಐದು ಸಲ ಕಂಬಿಗೆ ಗುಡುಗು ಬಂತು.

ಕೆಚಿಕನ್‌ನಲ್ಲಿ ಮಳೆ. ವರ್ಷಕ್ಕೆ ಸುಮಾರು 150 ಇಂಚು ಸುರಿಯುವ ಊರು, ಅಲ್ಲಿಯವರು ಅದನ್ನು ದ್ರವ ಬಿಸಿಲು ಅನ್ನುತ್ತಾರೆ. ಅತ್ತೆ ತಾವಾಗಿಯೇ ಇಳಿಯೋಣ ಅಂದರು. ಹೊಳೆಯ ಮೇಲೆ ಮರದ ಕಂಬ ನೆಟ್ಟು ಕಟ್ಟಿದ ಕ್ರೀಕ್ ಸ್ಟ್ರೀಟ್‌ನ ಹಲಗೆ ಹಾದಿಯಲ್ಲಿ ಕುರ್ಚಿಯ ಮುಂದಿನ ಚಕ್ರ ಸಂದಿಗೆ ಸಿಕ್ಕಿಕೊಂಡಿತು. ಹಿಂದುಮುಂದಾಗಿ ಎಳೆಯುವುದೇ ಉಪಾಯ. ಹಾಗೆ ಎಳೆದುಕೊಂಡು ಹೋಗಿ ಸೇತುವೆಯ ಬಳಿ ನಿಲ್ಲಿಸಿದೆ. ಆಗಸ್ಟ್ ತಿಂಗಳು, ಹೊಳೆಯಲ್ಲಿ ಸಾಲ್ಮನ್ ಮೀನುಗಳು ಎದುರುನೀರಿಗೆ ಮೈಯೊಡ್ಡಿ ಮುಗುಚಿಕೊಳ್ಳುತ್ತಿದ್ದವು. ಒಂದು ಗಂಟೆ ಅಲ್ಲೇ. ನಾನು ಕೊಡೆ ಹಿಡಿದು ನಿಂತೆ. ಬೇರೇನೂ ನೋಡಲಿಲ್ಲ.

ಕೊನೆಯ ದಿನ ಮತ್ತೆ ಕಡಲು. ನಾನು ಊಟ ಮುಗಿಸಿ ಕ್ಯಾಬಿನ್‌ಗೆ ಬಂದರೆ ಅತ್ತೆ ಇಲ್ಲ. ಕೋಲು ಇಲ್ಲ. ಗಾಲಿಕುರ್ಚಿ ಮಾತ್ರ ಮೂಲೆಯಲ್ಲಿದೆ. ಬಚ್ಚಲು ನೋಡಿದೆ, ಬಾಲ್ಕನಿ ನೋಡಿದೆ, ಎದೆ ಡವಡವ ಅನ್ನುತ್ತಾ ಮೂರು ಅಂತಸ್ತು ಮೆಟ್ಟಿಲಲ್ಲೇ ಓಡಾಡಿದೆ. ಕೊನೆಗೆ ಸಿಕ್ಕಿದ್ದು ಲಿಫ್ಟಿನಿಂದ ಇಪ್ಪತ್ತು ಹೆಜ್ಜೆ ದೂರದ ಕಿಟಕಿ ಮೂಲೆಯಲ್ಲಿ. ಕಾಲಿಗೆ ಯಾರೋ ಸಿಬ್ಬಂದಿ ತಂದಿಟ್ಟ ಪುಟ್ಟ ಸ್ಟೂಲು. ಎದುರಿನ ಕುರ್ಚಿಯ ಅಪರಿಚಿತ ಅಜ್ಜನೊಬ್ಬ ದುರ್ಬೀನು ಕೊಟ್ಟಿದ್ದ. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು.

ನಾನು ಏದುಸಿರು ಬಿಡುತ್ತಾ ನಿಂತೆ. ಅತ್ತೆ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

“ಎರಡು ತಿಮಿಂಗಿಲ ಹೋದವು” ಅಂದರು. “ಮೊದಲು ಹೊಗೆ ಥರ ಏಳುತ್ತೆ, ಆಮೇಲೆ ಬೆನ್ನು. ನೀನು ಎಲ್ಲಿ ಓಡ್ತಾ ಇದ್ದೆ?”

ಪಕ್ಕದ ಕುರ್ಚಿಯ ಮೇಲಿದ್ದ ಕೋಲನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು.