ಹರ್ಷೀಯ ಹಳೇ ಕಾರಿನ ಸಂತೆ: ಹೋಗುವ ಮೊದಲು ಇಷ್ಟು ತಿಳಿದಿರಲಿ

ನಮ್ಮ ಭಾವನ ಹತ್ತಿರ 1929ರ ಫೋರ್ಡ್ ಮಾಡೆಲ್ ಎ ಕಾರಿದೆ. ಅವರ ತಾತ ಓಡಿಸುತ್ತಿದ್ದ ಕಾರು. ಎಷ್ಟೋ ವರ್ಷ ಶೆಡ್ಡಿನಲ್ಲಿ ಸುಮ್ನೆ ನಿಂತಿತ್ತು, ಈಗ ಎರಡು ವರ್ಷದಿಂದ ಬಿಚ್ಚಿ ರಿಪೇರಿ ಮಾಡಿಸುತ್ತಿದ್ದಾರೆ. ಅದರ ಕಾರ್ಬ್ಯುರೇಟರ್, ಅಂದರೆ ಎಂಜಿನ್‌ಗೆ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಕೊಡುವ ಭಾಗ, ಒಡೆದು ಹೋಗಿತ್ತು. "ನೀನು ಹೇಗೂ ಅಮೆರಿಕದಲ್ಲಿದ್ದೀಯ, ಊರಿಗೆ ಬರುವಾಗ ಒಂದು ಹುಡುಕಿ ತಗೊಂಡು ಬಾರಪ್ಪ" ಅಂದರು. ಆನ್‌ಲೈನ್‌ನಲ್ಲೂ ತರಿಸಬಹುದಿತ್ತು. ಆದರೆ ತೊಂಬತ್ತು ವರ್ಷ ಹಳೆಯ ಬೀಡಿನ ಸಾಮಾನನ್ನು ಬರೀ ಫೋಟೋ ನೋಡಿ ಕೊಳ್ಳುವುದಕ್ಕೆ ಮನಸ್ಸು ಬರಲಿಲ್ಲ. ಕೈಯಲ್ಲಿ ಹಿಡಿದು ನೋಡಬೇಕು ಅನ್ನಿಸಿತು. ಅದಕ್ಕೇ ಮೂರು ದಿನ ರಜೆ ಹಾಕಿ ಪೆನ್ಸಿಲ್ವೇನಿಯಾದ ಹರ್ಷೀಗೆ ಹೋದೆ.

ಹರ್ಷೀ ಅಂದರೆ ಚಾಕೊಲೇಟ್ ಊರು. ಮುಖ್ಯ ರಸ್ತೆಯ ಹೆಸರೇ ಚಾಕೊಲೇಟ್ ಅವೆನ್ಯೂ, ಬೀದಿ ದೀಪಗಳೂ ಹರ್ಷೀ ಕಂಪನಿಯ ಕಿಸ್ ಚಾಕೊಲೇಟಿನ ಆಕಾರದಲ್ಲಿವೆ. ಆದರೆ ಹಳೇ ಕಾರಿನ ಹುಚ್ಚು ಇರುವವರಿಗೆ ಹರ್ಷೀ ಅಂದರೆ ಅಕ್ಟೋಬರ್ ತಿಂಗಳ ಆ ಒಂದು ವಾರ. ಹಳೇ ಕಾರು ಪ್ರಿಯರ ಸಂಘವಾದ ಆಂಟಿಕ್ ಆಟೋಮೊಬೈಲ್ ಕ್ಲಬ್ ಆಫ್ ಅಮೆರಿಕ ಶುರುವಾಗಿದ್ದು 1935ರಲ್ಲಿ. ಅದರ ಶರತ್ಕಾಲದ ಮೇಳ 1955ರಿಂದ ಇಲ್ಲಿ ನಡೆಯುತ್ತಿದೆ. ಮೊದಲು ಕೆಲವೇ ಜನ ಹಳೇ ಬಿಡಿಭಾಗ ತಂದು ಹರಡಿಕೊಂಡು ಕೂರುತ್ತಿದ್ದರಂತೆ. ಈಗ ಮಾರುವವರಿಗೆ ಸುಮಾರು 9,000 ಜಾಗಗಳನ್ನು ಗುರುತು ಮಾಡಿ ಕೊಡುತ್ತಾರೆ. ಓದಿದರೆ ಬರೀ ಒಂದು ಸಂಖ್ಯೆ, ನಡೆದು ನೋಡಿದರೆ ಗೊತ್ತಾಗುತ್ತದೆ. ನಾನು ಮೂರು ದಿನ ನಡೆದೆ, ಪೂರ್ತಿ ನೋಡಲು ಆಗಲಿಲ್ಲ.

ಮೊದಲು ಹೋಗುವ, ಉಳಿಯುವ ವಿಷಯ ಹೇಳಿಬಿಡುತ್ತೇನೆ. ಹತ್ತಿರದ ವಿಮಾನ ನಿಲ್ದಾಣ ಹ್ಯಾರಿಸ್‌ಬರ್ಗ್. ಫಿಲಡೆಲ್ಫಿಯಾದಿಂದ ಹ್ಯಾರಿಸ್‌ಬರ್ಗ್‌ಗೆ ಆಮ್‌ಟ್ರ್ಯಾಕ್ ರೈಲು ಇದೆ, ಆದರೂ ಕಾರಿನಲ್ಲೇ ಹೋಗಿ. ಕೊಂಡ ಸಾಮಾನನ್ನು ರೈಲಿನಲ್ಲಿ ಹೊತ್ತು ತರುವುದು ಕಷ್ಟ, ಇಲ್ಲಿ ಎಲ್ಲವೂ ಕಬ್ಬಿಣದ ತೂಕ. ಹರ್ಷೀ ಊರೊಳಗೆ ರೂಮು ಸಿಗುತ್ತದೆ ಅನ್ನುವ ಆಸೆ ಬೇಡ. ಪ್ರತಿ ವರ್ಷ ಬರುವವರು ಹೊರಡುವಾಗಲೇ ಮುಂದಿನ ವರ್ಷಕ್ಕೆ ಬುಕ್ ಮಾಡಿ ಹೋಗಿರುತ್ತಾರೆ. ಸುತ್ತಲಿನ ಊರುಗಳಾದ ಲೆಬನನ್, ಲ್ಯಾಂಕಾಸ್ಟರ್, ಹ್ಯಾರಿಸ್‌ಬರ್ಗ್ ಕಡೆ ನೋಡಿ. ಸಂತೆಗೆ ಒಳಗೆ ಹೋಗಲು ಟಿಕೆಟ್ ಇಲ್ಲ, ಗಾಡಿ ನಿಲ್ಲಿಸುವುದಕ್ಕೆ ಮಾತ್ರ ದುಡ್ಡು.

ದಿನಗಳನ್ನು ಸರಿಯಾಗಿ ನೋಡಿಕೊಳ್ಳಿ, ಇದು ಮುಖ್ಯ. ನಮ್ಮ ಅಭ್ಯಾಸಕ್ಕೆ ಮೇಳ ಅಂದರೆ ಶನಿವಾರ, ಭಾನುವಾರ ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಹಾಗಲ್ಲ, ವ್ಯಾಪಾರವೆಲ್ಲ ವಾರದ ಮಧ್ಯದಲ್ಲೇ. ಆ ವರ್ಷದ ವೇಳಾಪಟ್ಟಿ ನೋಡಿ, ಸಂತೆ ಶುರುವಾಗುವ ದಿನ ಅಥವಾ ಅದರ ಮರುದಿನ ಬೆಳಗ್ಗೆ ಅಲ್ಲಿರುವ ಹಾಗೆ ಹೊರಡಿ. ಒಳ್ಳೆಯ ಸಾಮಾನು ಮೊದಲೇ ಕೈ ಬದಲಾಗಿಬಿಡುತ್ತದೆ. ಕೊನೆಯ ದಿನ ಹೋದವರಿಗೆ ಟಾರ್ಪಾಲು ಮಡಿಸುವವರು ಸಿಗುತ್ತಾರೆ. ಹಾಗಂತ ಅದರಲ್ಲಿ ಲಾಭವೇ ಇಲ್ಲ ಅಂತಲ್ಲ. ಭಾರದ ಸಾಮಾನನ್ನು ಮತ್ತೆ ಟ್ರಕ್ಕಿಗೆ ಏರಿಸುವ ಬದಲು ಕಡಿಮೆ ಬೆಲೆಗೆ ಕೊಟ್ಟು ಹೋಗುವವರೂ ಇರುತ್ತಾರೆ.

ಮೊದಲ ದಿನ ನಾನು ಒಂದು ತಪ್ಪು ಮಾಡಿದೆ. ನೀವು ಮಾಡಬೇಡಿ. ಬೆಳಗ್ಗೆ ಏಳಕ್ಕೆ ಒಳಗೆ ಹೋದೆ, ಒಳ್ಳೆ ಚಳಿ, ಸಾಲು ಸಾಲು ಹೆಡ್‌ಲೈಟು, ಹಬ್‌ಕ್ಯಾಪು, ನಂಬರ್ ಪ್ಲೇಟು, ಸ್ಟೀರಿಂಗ್ ಚಕ್ರ, ಎಲ್ಲಿ ನೋಡಿದರೂ ಏನೋ ಒಂದು ಕರೆಯುತ್ತಿದ್ದ ಹಾಗೆ, ಅದರ ಮಧ್ಯೆ ಮಾಡೆಲ್ ಎ ಅಂತ ಚೀಟಿ ಅಂಟಿಸಿದ ಸ್ಪೀಡೋಮೀಟರ್ ಕಂಡಿತು. ದುಂಡಗೆ, ಚೆನ್ನಾಗಿತ್ತು. ಬೇರೆಯವರು ಎತ್ತಿಕೊಂಡುಬಿಟ್ಟರೆ ಅಂತ ತಕ್ಷಣ ದುಡ್ಡು ಕೊಟ್ಟುಬಿಟ್ಟೆ. ರಾತ್ರಿ ಭಾವನಿಗೆ ಫೋಟೋ ಕಳಿಸಿದಾಗ ಗೊತ್ತಾಯಿತು. ದುಂಡನೆಯದು 1930ರ ಮಧ್ಯದಿಂದ ಬಂದ ಕಾರುಗಳಿಗೆ. 29ರ ಕಾರಿಗೆ ಬೇಕಾದದ್ದು ಮೊಟ್ಟೆಯಾಕಾರದ್ದು. ಮಾರಿದವರ ತಪ್ಪೇನಿಲ್ಲ, ಅದೂ ಮಾಡೆಲ್ ಎ ಕಾರಿನದ್ದೇ. ಕೇಳಬೇಕಾದ ವರ್ಷವನ್ನು ಕೇಳದೆ ಹೋದವನು ನಾನು.

ಆ ರಾತ್ರಿ ಕೂತು ಸರಿಯಾದ ಪಟ್ಟಿ ಮಾಡಿದೆ. ಕಾರಿನ ವರ್ಷ, ಬೇಕಾದ ಭಾಗದ ಹೆಸರು, ಹಳೆಯ ಭಾಗದ ಫೋಟೋ ನಾಲ್ಕು ಕಡೆಯಿಂದ, ಬೋಲ್ಟ್ ತೂತುಗಳ ನಡುವಿನ ಅಳತೆ. ನೀವು ಇದನ್ನು ಮನೆಯಲ್ಲೇ ಮಾಡಿಕೊಂಡು ಹೋಗಿ, ಕಾಗದದಲ್ಲಿ ಬರೆದು ಜೇಬಿನಲ್ಲಿಡಿ. ಭಾರತದಲ್ಲಿರುವ ಕಾರಿಗೆ ಹುಡುಕುವವರು ಇನ್ನೊಂದು ವಿಷಯ ನೆನಪಿಡಿ. ನಮ್ಮದು ಬಲಗಡೆ ಸ್ಟೀರಿಂಗ್, ಅಲ್ಲಿ ಸಿಗುವುದೆಲ್ಲ ಬಹುಪಾಲು ಎಡಗಡೆ ಸ್ಟೀರಿಂಗ್ ಕಾರಿನದ್ದು. ಸ್ಟೀರಿಂಗ್ ಬಾಕ್ಸು, ಪೆಡಲ್ ಜೋಡಣೆ ತರುವ ಮುನ್ನ ಹತ್ತು ಸಲ ಯೋಚಿಸಿ. ಎಂಜಿನ್‌ಗೆ ಸೇರಿದ ಭಾಗಗಳಲ್ಲಿ ಅಷ್ಟು ತೊಂದರೆ ಇಲ್ಲ.

ಜೊತೆಗೆ ಏನೇನು ಇರಬೇಕು ಅಂದರೆ, ಒಂದು ಟಾರ್ಚು, ಟೇಪು, ಸ್ಟೀಲ್ ಸ್ಕೇಲು, ಮತ್ತು ಒಂದು ಚಿಕ್ಕ ಮ್ಯಾಗ್ನೆಟ್. ಈ ಮ್ಯಾಗ್ನೆಟ್ಟಿನಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಯಾವುದೂ ಇಲ್ಲ. ಸುಮಾರು 1915ರವರೆಗಿನ ಕಾರುಗಳ ದೀಪ, ಹಾರ್ನು, ರೇಡಿಯೇಟರ್ ಎಲ್ಲ ಹಿತ್ತಾಳೆಯವು. ನೀರು ಮತ್ತು ಕಾರ್ಬೈಡಿನಿಂದ ಹುಟ್ಟುವ ಅಸಿಟಿಲೀನ್ ಅನಿಲದಲ್ಲಿ ಉರಿಯುತ್ತಿದ್ದ ಆ ದೊಡ್ಡ ದೀಪಗಳನ್ನು ನೋಡಿದರೆ ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಆದರೆ ತಗಡಿಗೆ ಹಿತ್ತಾಳೆ ಬಣ್ಣದ ಲೇಪ ಕೊಟ್ಟವೂ ಅದೇ ಮೇಜಿನ ಮೇಲೆ ಇರುತ್ತವೆ. ಮ್ಯಾಗ್ನೆಟ್ ಅಂಟಿದರೆ ಒಳಗೆ ಕಬ್ಬಿಣ, ಮುಗೀತು.

ಪೆಟ್ರೋಲ್ ಬಂಕಿನ ಹಳೇ ಎನಾಮೆಲ್ ಬೋರ್ಡುಗಳಲ್ಲಿ ಇದಕ್ಕಿಂತ ಜಾಸ್ತಿ ಹುಷಾರಾಗಿರಬೇಕು, ಯಾಕಂದರೆ ಬೆಲೆಯೂ ಜಾಸ್ತಿ, ನಕಲೂ ಜಾಸ್ತಿ. ಹಳೆಯ ಬೋರ್ಡಿನಲ್ಲಿ ಒಂದೊಂದು ಬಣ್ಣವನ್ನೂ ಬೇರೆ ಬೇರೆಯಾಗಿ ಹಚ್ಚಿ ಭಟ್ಟಿಯಲ್ಲಿ ಸುಡುತ್ತಿದ್ದರು. ಹಾಗಾಗಿ ಅಕ್ಷರದ ಅಂಚಿನ ಮೇಲೆ ಉಗುರು ಆಡಿಸಿದರೆ ಸಣ್ಣ ಮೆಟ್ಟಿಲು ಸಿಕ್ಕ ಹಾಗೆ ತಾಗುತ್ತದೆ. ಸ್ಕ್ರೂ ಹಾಕುವ ತೂತಿನ ಸುತ್ತ ನೋಡಿ. ನಿಜವಾಗಿ ಗೋಡೆ ಮೇಲಿದ್ದ ಬೋರ್ಡಾದರೆ ಬಿಗಿ ಮಾಡಿದ ಕಡೆ ಎನಾಮೆಲ್ ಚಕ್ಕೆ ಎದ್ದು, ಅಲ್ಲಿನ ತುಕ್ಕು ಕಪ್ಪಾಗಿ ಗಟ್ಟಿಯಾಗಿರುತ್ತದೆ. ಎಲ್ಲಾ ಕಡೆ ಒಂದೇ ಸಮ ಕೆಂಪು ತುಕ್ಕು, ಕೈಗೆ ಪುಡಿ ಅಂಟುತ್ತದೆ ಅಂದರೆ ನನಗೆ ಅನುಮಾನ. ಇದನ್ನು ನನಗೆ ತೋರಿಸಿಕೊಟ್ಟದ್ದು ಬೋರ್ಡು ಮಾರುವವರೇ ಒಬ್ಬರು, ನಾನು ಕೊಳ್ಳುವುದಿಲ್ಲ ಅಂತ ಗೊತ್ತಿದ್ದೂ ಹತ್ತು ನಿಮಿಷ ನಿಂತು ಹೇಳಿಕೊಟ್ಟರು.

ಎರಡನೇ ದಿನ ಕಾರ್ಬ್ಯುರೇಟರ್ ಸಿಕ್ಕಿತು. ವಯಸ್ಸಾದ ಗಂಡ ಹೆಂಡತಿ, ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಮುಂದೆ ಒಂದು ಹಳೇ ಟವೆಲ್ ಮೇಲೆ ಜೆನಿತ್ ಕಂಪನಿಯ ಐದಾರು ಕಾರ್ಬ್ಯುರೇಟರ್. ನಾನು ಬಾಯಿ ಬಿಡುವ ಮೊದಲೇ ಆ ಹಿರಿಯರು ಕೇಳಿದ್ದು, ಯಾವ ವರ್ಷದ ಕಾರು? ಪಟ್ಟಿ ತೆಗೆದು ತೋರಿಸಿದೆ. ಫೋಟೋ ಎಲ್ಲ ನೋಡಿ ಒಂದನ್ನು ಆರಿಸಿ ಕೊಟ್ಟರು. ಮಾಡೆಲ್ ಎ ಜೆನಿತ್‌ನ ಎರಡು ಹೋಳನ್ನು ಹಿಡಿದಿರುವುದು ಒಂದೇ ಉದ್ದದ ಬೋಲ್ಟು. ಅವರೇ ಸ್ಪ್ಯಾನರ್ ಹಾಕಿ ಬಿಚ್ಚಿದರು. ಒಳಗೆ ಹಳೇ ಪೆಟ್ರೋಲ್ ಒಣಗಿ, ಬೆಲ್ಲದ ಪಾಕ ತಳ ಹಿಡಿದ ಹಾಗೆ ಕಂದು ಬಣ್ಣಕ್ಕೆ ಗಟ್ಟಿಯಾಗಿತ್ತು. ಅದು ತೊಳೆದರೆ ಹೋಗುತ್ತದೆ, ಅದಕ್ಕೆ ಹೆದರಬೇಡಿ ಅಂದರು. ಒಳಗೆ ಪೆಟ್ರೋಲ್ ಮೇಲೆ ತೇಲುವ ಹಿತ್ತಾಳೆಯ ಟೊಳ್ಳು ಫ್ಲೋಟನ್ನು ತೆಗೆದು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಶಬ್ದ ಇಲ್ಲ. ಒಳಗೆ ಕುಲುಕಿದರೆ ಫ್ಲೋಟ್ ತೂತಾಗಿ ಪೆಟ್ರೋಲ್ ಸೇರಿದೆ ಅಂತ ಅರ್ಥ. ಆಮೇಲೆ ಎಂಜಿನ್ನಿನ ಮ್ಯಾನಿಫೋಲ್ಡ್ ಕೊಳವೆಗೆ ಕೂರುವ, ಬೋಲ್ಟು ಹಾಕುವ ಎರಡು ಕಿವಿಗಳ ಮೇಲೆ ನನ್ನ ಸ್ಟೀಲ್ ಸ್ಕೇಲ್ ಇಡಿಸಿ, ಹಿಂದಿನಿಂದ ಟಾರ್ಚ್ ಬಿಟ್ಟರು. ಸ್ಕೇಲಿನ ಕೆಳಗೆ ಬೆಳಕು ತೂರಿದರೆ ಕಿವಿ ಬಗ್ಗಿದೆ, ಅಲ್ಲಿಂದ ಗಾಳಿ ಎಳೆಯುತ್ತದೆ, ಎಂಜಿನ್ ಒಂದೇ ಸಮನೆ ಓಡುವುದಿಲ್ಲ. ಬೋಲ್ಟನ್ನು ಜಾಸ್ತಿ ಬಿಗಿ ಮಾಡುವವರ ಕೈಗೆ ಸಿಕ್ಕವು ಹೀಗಾಗುತ್ತವೆ ಅಂತ ಪಕ್ಕದಲ್ಲಿದ್ದ ಇನ್ನೊಂದನ್ನು ತೋರಿಸಿದರು, ಅದರಲ್ಲಿ ಬೆಳಕು ಚೆನ್ನಾಗಿಯೇ ತೂರಿತು. ನನ್ನದರಲ್ಲಿ ಇಲ್ಲ.

ಬೆಲೆ 110 ಡಾಲರ್ ಹೇಳಿದರು. ಇಲ್ಲಿ ಚೌಕಾಸಿ ನಡೆಯುತ್ತದೆ, ಆದರೆ ನಮ್ಮ ಸಂತೆಯ ಹಾಗೆ ಅರ್ಧಕ್ಕೆ ಕೇಳಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ. ಕೊನೇ ರೇಟು ಎಷ್ಟು ಅಂತ ಮರ್ಯಾದೆಯಿಂದ ಕೇಳಿದೆ. 90ಕ್ಕೆ ಕೊಟ್ಟು, ಜೊತೆಗೆ ಜೋಡಣೆಯ ನಡುವೆ ಇಡುವ ಹೊಸ ಪ್ಯಾಕಿಂಗ್ (ಗ್ಯಾಸ್ಕೆಟ್) ಒಂದನ್ನು ಹಾಗೇ ಕೊಟ್ಟರು. ನಗದು ಇಟ್ಟುಕೊಂಡಿರಿ, ಚಿಕ್ಕ ನೋಟುಗಳು ಇರಲಿ. ಕೈಬರಹದ್ದಾದರೂ ಸರಿ, ಒಂದು ಬಿಲ್ಲು ಬರೆಸಿಕೊಳ್ಳಿ.

ಮಾಡೆಲ್ ಎ ಆಗಿದ್ದಕ್ಕೆ ಇಷ್ಟು ಸುಲಭವಾಯಿತು. 1931ರವರೆಗೆ 48 ಲಕ್ಷಕ್ಕೂ ಹೆಚ್ಚು ಕಾರು ಮಾಡಿದ್ದಾರೆ, ಬಿಡಿಭಾಗಕ್ಕೆ ಬರ ಇಲ್ಲ. ಅದಕ್ಕೂ ಹಿಂದಿನ ಮಾಡೆಲ್ ಟಿ ಇನ್ನೂ ಜಾಸ್ತಿ, ಒಂದೂವರೆ ಕೋಟಿ. ಒಂದು ಪೆಟ್ಟಿಗೆ ತುಂಬ ಅದರ ಸ್ಪಾರ್ಕ್ ಪ್ಲಗ್ ನೋಡಿದೆ. ನಲ್ಲಿ ಪೈಪಿನ ತಿರುಪಿನ ಹಾಗೆ ಕೆಳಗೆ ಹೋಗುತ್ತಾ ಸಪೂರವಾಗುವ ಅರ್ಧ ಇಂಚಿನ ತಿರುಪು (ಥ್ರೆಡ್) ಅದಕ್ಕೆ. ಅಪರೂಪದ ಕಂಪನಿಯ ಕಾರು ಇಟ್ಟುಕೊಂಡವರ ಕಷ್ಟ ಬೇರೆ. ಬೆನ್ನಿನ ಮೇಲೆ ಬೇಕಾದ ಸಾಮಾನಿನ ಹೆಸರು ಬರೆದ ಬೋರ್ಡು ಕಟ್ಟಿಕೊಂಡು ತಿರುಗುವವರನ್ನು ನೋಡಿದೆ. ಒಳ್ಳೆ ಉಪಾಯ, ಅಪರೂಪದ ಕಾರಾದರೆ ನೀವೂ ಮಾಡಿ.

ಕಾರೇ ಇಲ್ಲದವರು ಹೋಗಬಹುದಾ ಅಂದರೆ ಖಂಡಿತ ಹೋಗಿ. ಕಾಗದದ ಅಂಗಡಿಗಳ ಹತ್ತಿರ ನಿಧಾನವಾಗಿ ನಿಲ್ಲಿ. ಹೊಸ ಕಾರು ಬಂದಾಗ ಹಂಚುತ್ತಿದ್ದ ಬಣ್ಣದ ಪುಸ್ತಿಕೆ, ಕಾರಿನ ಜೊತೆ ಕೊಡುತ್ತಿದ್ದ ಕೈಪಿಡಿ, ರಸ್ತೆ ನಕ್ಷೆ, ಡಬ್ಬಿಗಟ್ಟಲೆ ಇರುತ್ತವೆ. ನನಗೆ ತುಂಬಾ ಇಷ್ಟವಾದದ್ದು ಮೋಟೋಮೀಟರ್. ರೇಡಿಯೇಟರ್ ಮುಚ್ಚಳದ ಮೇಲೆ ಕೂರಿಸುವ ಥರ್ಮಾಮೀಟರ್ ಅದು, ಬಿಸಿ ಏರಿದರೆ ಕೆಂಪು ಗೆರೆ ಮೇಲೇರುವುದನ್ನು ಡ್ರೈವರ್ ತನ್ನ ಸೀಟಿನಿಂದಲೇ ಗಾಜಿನಾಚೆ ನೋಡಬೇಕಿತ್ತು. ಡ್ಯಾಶ್‌ಬೋರ್ಡಿನಲ್ಲಿ ಬಿಸಿ ತೋರಿಸುವ ಮುಳ್ಳು ಇಲ್ಲದ ಕಾಲ. ಅಂಗೈಯಲ್ಲಿ ಹಿಡಿದರೆ ಒಳ್ಳೆ ಭಾರ.

ಎರಡು ಎಚ್ಚರಿಕೆ. ಹಳೇ ಬ್ರೇಕ್ ಲೈನಿಂಗ್, ಕ್ಲಚ್, ಪ್ಯಾಕಿಂಗ್‌ಗಳಲ್ಲಿ ಆಸ್‌ಬೆಸ್ಟಾಸ್ ಇರಬಹುದು, ಧೂಳು ಊದಬೇಡಿ, ಉಜ್ಜಬೇಡಿ. ಕತ್ತಲಲ್ಲಿ ಹೊಳೆಯಲೆಂದು ಕೆಲವು ಹಳೇ ಗಡಿಯಾರ, ಮೀಟರುಗಳಿಗೆ ವಿಕಿರಣ ಸೂಸುವ ರೇಡಿಯಂ ಬಣ್ಣ ಹಚ್ಚಿರುತ್ತಿದ್ದರು, ಅಂಥವುಗಳ ಗಾಜು ಬಿಚ್ಚುವುದು ಬೇಡ.

ಮಾರಾಟಕ್ಕೆ ಇಡೀ ಕಾರುಗಳನ್ನೇ ನಿಲ್ಲಿಸುವ ಜಾಗ ಬೇರೆ ಇದೆ, ಕೊನೆಯಲ್ಲಿ ಕಾರುಗಳ ಪ್ರದರ್ಶನವೂ ಇರುತ್ತದೆ. 25 ವರ್ಷ ದಾಟಿದ ಕಾರುಗಳಿಗೆ ಅವಕಾಶ. ನೋಡಲು ಚೆಂದ. ಆದರೂ ನಿಮಗೆ ಒಂದೇ ದಿನ ಇದ್ದರೆ ಸಂತೆಗೆ ಕೊಡಿ. ಮಳೆ ಬಂದರೆ ಊರಿನಲ್ಲೇ ಇರುವ ಕಾರ್ ಮ್ಯೂಸಿಯಂಗೆ ಹೋಗಿ, ಅಲ್ಲಿ ಟಕರ್ 48 ಕಾರುಗಳಿವೆ. ಒಟ್ಟು 51 ಮಾತ್ರ ತಯಾರಾದ ಕಾರು ಅದು. ಬೂಟು ಹಳೆಯದೇ ಹಾಕಿ, ಹೊಸ ಬೂಟಿನಲ್ಲಿ ಇಷ್ಟು ನಡೆಯಲಾಗುವುದಿಲ್ಲ. ಎಳೆಯುವ ಚಿಕ್ಕ ಗಾಡಿ ಇದ್ದರೆ ತಗೊಂಡು ಹೋಗಿ.

ವಿಮಾನದಲ್ಲಿ ತರುವವರಿಗೆ ಕೊನೆಯ ಮಾತು. ಪೆಟ್ರೋಲ್ ಉಳಿದ, ಪೆಟ್ರೋಲ್ ವಾಸನೆ ಬರುವ ಭಾಗಗಳನ್ನು ವಿಮಾನದಲ್ಲಿ ಬಿಡುವುದಿಲ್ಲ. ನಾನು ಕಾರ್ಬ್ಯುರೇಟರ್ ಪೂರ್ತಿ ಬಿಚ್ಚಿ, ಕ್ಲೀನರ್‌ನಲ್ಲಿ ನೆನೆಸಿ, ಸೋಪಿನ ಬಿಸಿ ನೀರಿನಲ್ಲಿ ಮೂರು ಸಲ ತೊಳೆದು, ವಾರ ಪೂರ್ತಿ ಗಾಳಿಗೆ ಇಟ್ಟೆ. ವಿಮಾನ ಕಂಪನಿಗೆ ಮೊದಲೇ ಫೋನ್ ಮಾಡಿ ಕೇಳಿದೆ. ಆಮೇಲೆ ಹಳೇ ಟವೆಲಿನಲ್ಲಿ ಸುತ್ತಿ, ಬಿಲ್ಲಿನ ಜೊತೆ ದೊಡ್ಡ ಪೆಟ್ಟಿಗೆಯಲ್ಲಿಟ್ಟೆ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟುಗಳನ್ನೂ ಬೋಲ್ಟನ್ನೂ ಬೇರೆ ಡಬ್ಬಿಯಲ್ಲಿ ಹಾಕಿದೆ, ಇಲ್ಲದಿದ್ದರೆ ಚಿಕ್ಕವು ಕಳೆದುಹೋಗುತ್ತವೆ.

ಊರಲ್ಲಿ ಭಾವ ಟವೆಲ್ ಬಿಚ್ಚಿ ಮೊದಲು ಮಾಡಿದ್ದು, ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ್ದು. ನಾನು ಹೇಳಿಕೊಟ್ಟಿರಲಿಲ್ಲ. ಮೊಟ್ಟೆಯಾಕಾರದ ಸ್ಪೀಡೋಮೀಟರ್ ಇನ್ನೂ ಸಿಗಬೇಕು. ಮುಂದಿನ ಅಕ್ಟೋಬರ್‌ಗೆ ಲೆಬನನ್‌ನಲ್ಲಿ ರೂಮು ಈಗಲೇ ಹಿಡಿದಿದ್ದೇನೆ.