ಬೇರೆ ಯಾರು ಹೊಡೀತಾರೆ?

ಭಾನುವಾರ ಪಾರ್ಕಿನಲ್ಲಿ ಕೇಳಿದ ಒಂದು ಮಾತು ವಾರವಿಡೀ ಕಿವಿಯಲ್ಲೇ ಇದೆ.

ಮಗ ಎಡಗಾಲಲ್ಲಿ ಚೆಂಡು ಒದೆಯುತ್ತಿದ್ದ. ನಾಯಿ ಜೊತೆ ಹೋಗುತ್ತಿದ್ದ ಅಜ್ಜ ನಿಂತರು. "ಎಡಗಾಲಾ? ನಮ್ಮ ನಾಕಾ ಥರ!" ಎಂದು ಬಗ್ಗಿ, ಚೆಂಡನ್ನು ಎರಡು ಬೆರಳಷ್ಟು ಸರಿಸಿ ಕೂರಿಸಿದರು. ಪೂಜೆಗೆ ಕಳಶ ಇಡುವಷ್ಟು ಜೋಪಾನವಾಗಿ.

ಸ್ಕಾಟ್ಲೆಂಡಿನ ಈ ಗ್ಲಾಸ್ಗೋದಲ್ಲಿ ನಾಕಾ ಅಂದರೆ ಶುನ್‌ಸುಕೆ ನಕಾಮುರಾ. ಜಪಾನಿನವರು. 2005ರಿಂದ 2009ರವರೆಗೆ ಇಲ್ಲಿನ ಸೆಲ್ಟಿಕ್ ಫುಟ್‌ಬಾಲ್ ತಂಡದಲ್ಲಿ ಆಡಿದರು. 2006ರ ನವೆಂಬರ್ 21ರ ರಾತ್ರಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು, 81ನೇ ನಿಮಿಷದಲ್ಲಿ ಅವರು ಹೊಡೆದ ಫ್ರೀ ಕಿಕ್ ಆಟಗಾರರ ಗೋಡೆ ದಾಟಿ, ಗೋಲ್‌ಕೀಪರ್ ವಾನ್ ಡರ್ ಸಾರ್ ಕೈಗೂ ಸಿಗದೆ ಒಳಗೆ ಹೋಯಿತು. 1-0. ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್‌ನಲ್ಲಿ ಸೆಲ್ಟಿಕ್ ಮೊದಲ ಸಲ ಕೊನೆಯ 16 ತಂಡಗಳ ಸುತ್ತಿಗೆ ಬಂತು.

"ಅವತ್ತು ಸ್ಟೇಡಿಯಂನಲ್ಲಿ ಇದ್ರಾ?" ಅಂತ ಮಗ ಕೇಳಿದ.

"ಇಲ್ಲಪ್ಪ. ಬಸ್ ಓಡಿಸ್ತಿದ್ದೆ."

ಸ್ಟೇಡಿಯಂ ಹತ್ತಿರದ ಸಿಗ್ನಲ್‌ನಲ್ಲಿ ಬಸ್ ನಿಂತಿತ್ತಂತೆ. ಇದ್ದಕ್ಕಿದ್ದಂತೆ ಒಂದು ಸದ್ದು. ಕಿಟಕಿ ಗಾಜು ಅದುರಿತಂತೆ. ಅಜ್ಜ ತಿರುಗಿ ನೋಡಿ, "ನಾಕಾ!" ಅಂದರಂತೆ. ಹಿಂದೆ ಕೂತಿದ್ದವರೆಲ್ಲ ಎದ್ದು ನಿಂತರಂತೆ.

"ಅವರೇ ಹೊಡೆದಿದ್ದು ಅಂತ ಹೇಗೆ ಗೊತ್ತಾಯ್ತು?"

"ಬೇರೆ ಯಾರು ಹೊಡೀತಾರೆ?"

ಇದೇ ಆ ಮಾತು. ಅಡುಗೆ ಮಾಡುವಾಗ, ರೈಲಿನಲ್ಲಿ ಕೂತಾಗ, ಸುಮ್ನೆ ಇದ್ದಾಗಲೂ ಬರುತ್ತದೆ. ಬೇರೆ ಯಾರು ಹೊಡೀತಾರೆ?

ನಕಾಮುರಾಗೆ ಇಲ್ಲಿನ ಭಾಷೆ ಅಷ್ಟಾಗಿ ಬರುತ್ತಿರಲಿಲ್ಲ. ಮಾತಾಡಲು ದುಭಾಷಿ ಬೇಕಿತ್ತು. ಆದರೂ ಈ ಊರು ಅವರನ್ನು ಮನೆಮಗನ ಹಾಗೆ ನೋಡಿತು. 2007ರಲ್ಲಿ ಸ್ಕಾಟ್ಲೆಂಡಿನ ವರ್ಷದ ಆಟಗಾರ ಅವರೇ. ಇಂಥವರನ್ನು 2002ರಲ್ಲಿ, ಅದೂ ಸ್ವಂತ ದೇಶದಲ್ಲೇ ನಡೆದ ವಿಶ್ವಕಪ್‌ನಿಂದ ಕೋಚ್ ಟ್ರುಸಿಯೇ ಕೈಬಿಟ್ಟಿದ್ದರಲ್ಲ, ಅದು ನನಗೆ ಇವತ್ತಿಗೂ ತಪ್ಪು ಅನ್ನಿಸುತ್ತದೆ. ನಕಾಮುರಾ ಮಾತ್ರ ಆಡುತ್ತಲೇ ಹೋದರು. ಬೂಟು ಬಿಚ್ಚಿದ್ದು 2022ರಲ್ಲಿ, 44ನೇ ವಯಸ್ಸಿನಲ್ಲಿ.

ನಾನು ಇಲ್ಲಿಗೆ ಬಂದು ಮೂರು ವರ್ಷ. ಪದ ಸಿಗದೆ ಎಷ್ಟೋ ಸಲ ಬಾಯಿ ಮುಚ್ಚಿಕೊಂಡು ಕೂತಿದ್ದೇನೆ. ಒಬ್ಬ ಮನುಷ್ಯ ಮಾತಿಲ್ಲದೆಯೂ ಒಂದು ಊರಿಗೆ ಇಷ್ಟು ಹತ್ತಿರ ಆಗಬಹುದು ಅಂತ ಗೊತ್ತಿರಲಿಲ್ಲ. ಅದಕ್ಕೇ ಇರಬೇಕು, ಅಜ್ಜನ ಮಾತು ಅಷ್ಟು ಜಾಸ್ತಿ ತಟ್ಟಿದ್ದು. ಆ ಗೋಲನ್ನು ಕಣ್ಣಾರೆ ಕಂಡವರು ಅರವತ್ತು ಸಾವಿರ ಇರಬಹುದು. ಕೇಳಿಯೇ ಕಂಡವರು ಎಷ್ಟು ಜನವೋ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಫುಟ್‌ಬಾಲ್ ಅವರಿಗೆ ತಿಳಿಯದು. ಸ್ವಲ್ಪ ಹೊತ್ತು ಸುಮ್ಮನಿದ್ದರು.

"75ರಲ್ಲಿ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್ ಮ್ಯಾಚು," ಎಂದರು. "ಅಂಗಡಿ ಮುಂದೆ ನಿಂತು ರೇಡಿಯೋದಲ್ಲಿ ಕೇಳಿದೆ. ನಮ್ಮ ವಿಶಿ 97. ಔಟಾಗಲಿಲ್ಲ."